ಕ್ಯೂಬ್‌ಗೆ ನಂಬರಿದೆ, ಕಾರ್ಮಿಕನಿಗೆ?

ಕಾಂಕ್ರೀಟ್ ಹಾಕಿದ ದಿನವೇ ಅದರಿಂದ 150 ಮಿ.ಮೀ. ಅಳತೆಯ ಕ್ಯೂಬ್‌ಗಳನ್ನು ತೆಗೆದು, ದಿನಾಂಕ, ನಂಬರು ಬರೆದು, 7 ಮತ್ತು 28ನೇ ದಿನ ಒತ್ತಡಕ್ಕಿಟ್ಟು ಒಡೆದು ನೋಡಬೇಕು. ಸಿವಿಲ್ ಎಂಜಿನಿಯರಿಂಗ್ ಓದುವ ನಮಗೆಲ್ಲ ಇದು ಬಾಯಿಪಾಠ. ಆದರೆ ಆ ಕಾಂಕ್ರೀಟನ್ನು ಸುರಿದವರು ಯಾರು, ಅವರಿಗೆ ಕೂಲಿ ಮುಟ್ಟಿತೇ ಎಂಬುದಕ್ಕೆ ಎಷ್ಟೋ ಸೈಟ್‌ಗಳಲ್ಲಿ ಮೇಸ್ತ್ರಿಯ ಜೇಬಿನ ನೋಟ್‌ಬುಕ್ಕೇ ದಾಖಲೆ.

ಇದು ಹೇಗಾಗುತ್ತದೆ? ಮಾಲೀಕರು ಕಟ್ಟಡದ ಕೆಲಸವನ್ನು ಒಂದು ಕಂಪನಿಗೆ ವಹಿಸುತ್ತಾರೆ. ಕಂಪನಿ ಸೆಂಟ್ರಿಂಗ್, ಕಂಬಿ, ಗಾರೆ, ಟೈಲ್ಸ್, ಪೇಂಟಿಂಗ್ ಎಂದು ಪಾಲು ಮಾಡಿ ಉಪಗುತ್ತಿಗೆ ಕೊಡುತ್ತದೆ. ಕಂಬಿಗೆ ಟನ್ ಲೆಕ್ಕ, ಪ್ಲಾಸ್ಟರಿಂಗ್‌ಗೆ ಚದರ ಅಡಿ ಲೆಕ್ಕ. ಉಪಗುತ್ತಿಗೆದಾರ ಮೇಸ್ತ್ರಿಗೆ ಹೇಳುತ್ತಾನೆ. ಮೇಸ್ತ್ರಿ ರಾಯಚೂರು, ಯಾದಗಿರಿಯಿಂದ ಗುಳೆ ಬಂದವರನ್ನೋ, ಬಿಹಾರ, ಒಡಿಶಾದ ಹುಡುಗರನ್ನೋ ಕರೆತರುತ್ತಾನೆ.

ನಾನು ಇಂಟರ್ನ್‌ಶಿಪ್ ಮಾಡಿದ ಸೈಟಿನಲ್ಲಿ ಒಮ್ಮೆ ಎರಡು ವಾರ ಬಟವಾಡೆ ಆಗಲಿಲ್ಲ. ಕೇಳಿದವರಿಗೆ ಮೇಸ್ತ್ರಿ, ‘ಕಾಂಟ್ರಾಕ್ಟರ್ ಕೊಟ್ಟಿಲ್ಲ’ ಎಂದರು. ಕಾಂಟ್ರಾಕ್ಟರ್, ‘ಬಿಲ್ ಪಾಸಾಗಿಲ್ಲ’ ಎಂದರು. ಕಂಪನಿಯವರು, ‘ಅವರು ನಮ್ಮ ಲೇಬರ್ ಅಲ್ಲ’ ಎಂದರು. ಮೂವರ ಮಾತೂ ಅವರವರ ಮಟ್ಟಿಗೆ ನಿಜವೇ. ದಿನಸಿ ಅಂಗಡಿಯ ಸಾಲ ಮಾತ್ರ ಕೆಲಸ ಮಾಡಿದವರ ಹೆಸರಿನಲ್ಲಿ ಬೆಳೆಯಿತು.

ಉಪಗುತ್ತಿಗೆಯೇ ಬೇಡ ಎಂಬುದು ನನ್ನ ವಾದವಲ್ಲ. ಸೆಂಟ್ರಿಂಗ್‌ನವರ ಕೆಲಸ ಮುಗಿದ ಮೇಲೆ ಗಾರೆಯವರು ಬರಬೇಕು. ಎಲ್ಲರಿಗೂ ವರ್ಷವಿಡೀ ಸಂಬಳ ಕೊಟ್ಟು ಇಟ್ಟುಕೊಳ್ಳಲು ಯಾವ ಕಂಪನಿಗೂ ಆಗದು. ಕೆಲಸವನ್ನು ಹಂಚಲಿ. ಅದರ ಜೊತೆಗೆ ಹೊಣೆಯನ್ನೂ ಕೈತೊಳೆದುಕೊಳ್ಳುವುದು ಏಕೆ?

ಕಾನೂನು ಇಲ್ಲವೆಂದೇನಿಲ್ಲ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮುಖ್ಯ ಮಾಲೀಕರೇ ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬೇಕು ಎಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯೇ ಹೇಳಿತ್ತು. 2020ರ ಕಾರ್ಮಿಕ ಸಂಹಿತೆಯೂ ಆ ಹೊಣೆಯನ್ನು ಉಳಿಸಿಕೊಂಡಿದೆ. ಆದರೆ ಹಿಂದೆ 20 ಕಾರ್ಮಿಕರಿದ್ದರೆ ಅನ್ವಯಿಸುತ್ತಿದ್ದ ಗುತ್ತಿಗೆ ನಿಯಮಗಳ ಮಿತಿಯನ್ನು ಅದು 50ಕ್ಕೆ ಏರಿಸಿದೆ. ಹತ್ತು ಹದಿನೈದು ಜನರನ್ನು ಕಟ್ಟಿಕೊಂಡು ಬರುವ ಮೇಸ್ತ್ರಿ ಲೈಸೆನ್ಸಿನ ಲೆಕ್ಕಕ್ಕೇ ಸಿಗುವುದಿಲ್ಲ.

ಹೆಸರು ದಾಖಲಾಗದಿದ್ದರೆ ಇನ್ನೂ ಒಂದು ನಷ್ಟವಿದೆ. ಕಟ್ಟಡದ ವೆಚ್ಚದ ಮೇಲೆ ಶೇ 1ರಷ್ಟು ಸೆಸ್ ಸಂಗ್ರಹಿಸಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಕೊಡಲಾಗುತ್ತದೆ. ಮಕ್ಕಳ ಓದಿಗೆ ಸಹಾಯಧನ, ಹೆರಿಗೆ ನೆರವು, ಅಪಘಾತ ಪರಿಹಾರ, ಪಿಂಚಣಿ ಎಲ್ಲವೂ ಈ ಹಣದಿಂದಲೇ. ಆದರೆ ನೋಂದಣಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ಪುರಾವೆ ಬೇಕು. ಕೆಲಸ ಕೊಟ್ಟವರು ದೃಢೀಕರಿಸುವುದೇ ಅದಕ್ಕೆ ನೇರ ದಾರಿ. ಮೂರು ತಿಂಗಳಲ್ಲಿ ಮೂರು ಮೇಸ್ತ್ರಿಗಳ ಕೈಕೆಳಗೆ ದುಡಿದವನಿಗೆ ಯಾರು ಬರೆದುಕೊಡಬೇಕು? ಅವನ ಹೆಸರಿನಲ್ಲಿ ಸಂಗ್ರಹವಾದ ಹಣ ಅವನಿಗೇ ದಕ್ಕುವುದಿಲ್ಲ.

ಪರಿಹಾರ ಕಷ್ಟದ್ದಲ್ಲ. ಸೈಟಿನ ಗೇಟಿನೊಳಗೆ ಬರುವ ಪ್ರತಿಯೊಬ್ಬರ ಹಾಜರಿಯನ್ನು, ಅವರು ಯಾರ ಕಡೆಯವರೇ ಆಗಿರಲಿ, ಮುಖ್ಯ ಕಂಪನಿಯೇ ಬರೆದಿಡಲಿ. 90 ದಿನದ ಪತ್ರವನ್ನು ಅದೇ ಹಾಜರಿ ನೋಡಿ ಕಂಪನಿಯೇ ಕೊಡಲಿ. ಉಪಗುತ್ತಿಗೆದಾರನ ಬಿಲ್ ಜೊತೆ ಹಿಂದಿನ ಬಾರಿಯ ಕೂಲಿ ಪಾವತಿಯ ವಿವರ ಇರಲಿ. ಇಲ್ಲದಿದ್ದರೆ ಬಿಲ್ ಪಾಸಾಗದಿರಲಿ. ಸಿಮೆಂಟಿನ ಒಂದೊಂದು ಚೀಲಕ್ಕೂ ಲೆಕ್ಕ ಇಡುವವರಿಗೆ ಇದೇನು ದೊಡ್ಡ ಕೆಲಸ?

ಇನ್ನು ಎರಡು ವರ್ಷಕ್ಕೆ ನನ್ನ ಸಹಪಾಠಿಗಳಲ್ಲಿ ಹಲವರು ಸೈಟ್ ಎಂಜಿನಿಯರ್‌ಗಳಾಗುತ್ತಾರೆ. ಅಳತೆ ಪುಸ್ತಕ ನೋಡಿ ಬಿಲ್‌ಗೆ ಸಹಿ ಹಾಕುವವರು ನಾವೇ. ಗೋಡೆ ತೂಕಕ್ಕೆ ಸರಿಯಾಗಿದೆಯೇ ಎಂದು ನೋಡಿದಷ್ಟೇ ಸಹಜವಾಗಿ, ಅದನ್ನು ಕಟ್ಟಿದವರಿಗೆ ಕೂಲಿ ಸಿಕ್ಕಿದೆಯೇ ಎಂದೂ ಕೇಳೋಣ. ಆ ಒಂದು ಪ್ರಶ್ನೆಗೆ ಯಾವ ಕಾಯ್ದೆಯ ತಿದ್ದುಪಡಿಯೂ ಬೇಕಿಲ್ಲ.