ಸೂತಕ ಬಿಟ್ಟವರ ಮನೆಯಲ್ಲಿ ಸೂಲಗಿತ್ತಿಯ ಸ್ಥಾನ ಎಲ್ಲಿ?



1988ರ ಮಳೆಗಾಲ. ನಾನಾಗ ನೀರಾವರಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್. ಕಾಲುವೆ ಕಾಮಗಾರಿಯ ಕ್ಯಾಂಪಿನ ತಗಡಿನ ಮನೆಯಲ್ಲಿ ನಮ್ಮ ಸಂಸಾರ. ಎರಡನೆಯ ಹೆರಿಗೆಗೆ ಇನ್ನೂ ಮೂರು ವಾರ ಬಾಕಿ ಇದೆ ಎಂದುಕೊಂಡಿದ್ದಾಗಲೇ ಒಂದು ರಾತ್ರಿ ನನ್ನ ಮಡದಿಗೆ ನೋವು ಶುರುವಾಯಿತು. ಹಳ್ಳ ತುಂಬಿ ರಸ್ತೆ ಕಡಿದಿತ್ತು. ಇಲಾಖೆಯ ಜೀಪು ದಾಟುವಂತಿರಲಿಲ್ಲ. ಪಕ್ಕದ ಊರಿನ ಉಪಕೇಂದ್ರದ ನರ್ಸಮ್ಮ ಕಂದೀಲು ಹಿಡಿದು ಕೆಸರಿನಲ್ಲಿ ನಡೆದು ಬಂದರು.

ಬೆಳಗಿನ ಜಾವ ಮಗು ಹುಟ್ಟಿತು. ಕಸ ಬಿದ್ದ ಮೇಲೆ ರಕ್ತ ನಿಲ್ಲಲಿಲ್ಲ. ಆಕೆ ಗಾಬರಿಯಾಗದೆ ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶವನ್ನು ತಿಕ್ಕುತ್ತ ಗಟ್ಟಿ ಮಾಡಿದರು, ಇಂಜೆಕ್ಷನ್ ಕೊಟ್ಟರು, ಮಗುವನ್ನು ಎದೆಗೆ ಹಚ್ಚಿದರು. ಎರಡು ತಾಸು ನಾಡಿ ಹಿಡಿದು ಕುಳಿತರು. ಎರಡು ಜೀವ ಉಳಿದವು.

ಆಮೇಲೆ ನಡೆದದ್ದನ್ನು ಹೇಳಲು ನನಗೆ ಇಂದಿಗೂ ನಾಚಿಕೆ. ನನ್ನ ತಾಯಿ ಅಡುಗೆಮನೆಯಿಂದಲೇ, "ಆಕಿನ್ನ ಒಳಗ ಕರೀಬ್ಯಾಡೋ, ಹೊರಗ ಕೂಡ್ರಿಸಿ ಚಹಾ ಕೊಡು" ಎಂದರು. ಬೇರೆ ಲೋಟದಲ್ಲಿ ಚಹಾ ಬಂತು. ನರ್ಸಮ್ಮ ಕಟ್ಟೆಯ ಮೇಲೆ ಕುಳಿತು ಕುಡಿದು, ಲೋಟ ತಾವೇ ತೊಳೆದಿಟ್ಟು, "ಬರ್ತೀನ್ರಿ ಸಾಹೇಬ್ರ" ಎಂದು ಹೊರಟರು. ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಂಡ, ಬಸವ ಜಯಂತಿಯ ವೇದಿಕೆಗಳಲ್ಲಿ ಭಾಷಣ ಮಾಡುತ್ತಿದ್ದ ನಾನು ಬಾಗಿಲಲ್ಲಿ ಸುಮ್ಮನೆ ನಿಂತಿದ್ದೆ.

ಬಸವಾದಿ ಶರಣರು ಪಂಚಸೂತಕಗಳನ್ನು ನಿರಾಕರಿಸಿದರು ಎಂಬುದು ನಮ್ಮ ಮಕ್ಕಳಿಗೂ ಬಾಯಿಪಾಠ. ಜಾತಿ, ಜನನ, ರಜಸ್ಸು, ಉಚ್ಛಿಷ್ಟ, ಪ್ರೇತ. ಅಂದು ಬೆಳಗ್ಗೆ ಒಂದು ಲೋಟ ಚಹಾದಲ್ಲಿ ಇವುಗಳಲ್ಲಿ ಎರಡನ್ನು, ಜಾತಿ ಸೂತಕ ಮತ್ತು ಜನನ ಸೂತಕವನ್ನು, ನಾವು ಒಟ್ಟಿಗೇ ಆಚರಿಸಿದ್ದೆವು. ನಮ್ಮ ಎಷ್ಟು ಮನೆಗಳಲ್ಲಿ ಇಂದಿಗೂ ಪುರುಡು ಎಂದು ಬಾಣಂತಿಯ ಕೋಣೆಯನ್ನು ದೂರ ಇಡುತ್ತಾರೆ, ಹೆರಿಗೆ ಮಾಡಿಸಿದ ಕೈಯನ್ನು ಕೀಳಾಗಿ ಕಾಣುತ್ತಾರೆ ಎಂಬುದನ್ನು ಓದುಗರು ತಮ್ಮ ಮನೆಯನ್ನೇ ನೋಡಿಕೊಂಡು ಹೇಳಬೇಕು.

ಪುರುಡಿನಲ್ಲಿ ಒಳ್ಳೆಯದೂ ಇದೆಯಲ್ಲ, ಬಾಣಂತಿಗೆ ವಿಶ್ರಾಂತಿ ಸಿಗುತ್ತದೆ, ಹತ್ತು ಜನ ಬಂದು ಕೂಸನ್ನು ಮುಟ್ಟುವುದಿಲ್ಲ ಎಂದು ಹಿರಿಯರು ಕೇಳುತ್ತಾರೆ. ಆ ಮಾತು ನಿಜ. ವಿಶ್ರಾಂತಿಯೂ ಇರಲಿ, ಶುಚಿಯೂ ಇರಲಿ. ಆದರೆ ತಾಯಿಗೆ ವಿಶ್ರಾಂತಿ ಕೊಡಲು ಆಕೆಯನ್ನು ಮೈಲಿಗೆ ಎನ್ನಬೇಕಾಗಿಲ್ಲ. ಗರ್ಭದಲ್ಲಿರುವ ಕೂಸಿಗೇ ಲಿಂಗಧಾರಣೆ ಮಾಡಿಸುವ ಸಂಪ್ರದಾಯ ನಮ್ಮದು. ಆ ಕೂಸು ಹೊರಗೆ ಬಂದ ಕ್ಷಣದಲ್ಲಿ ಮೈಲಿಗೆ ಎಲ್ಲಿಂದ ಬರುತ್ತದೆ?

ಈ ವಿಷಯದಲ್ಲಿ ವಿಜ್ಞಾನದ ಚರಿತ್ರೆಯೂ ಒಂದು ಪಾಠ ಹೇಳುತ್ತದೆ. ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು ಹೆರಿಗೆ ಮಾಡಿಸುತ್ತಿದ್ದರು. 1846ರಲ್ಲಿ ವೈದ್ಯರ ವಿಭಾಗದಲ್ಲಿ ನೂರಕ್ಕೆ 11ಕ್ಕೂ ಹೆಚ್ಚು ತಾಯಂದಿರು ಸತ್ತರು. ಸೂಲಗಿತ್ತಿಯರ ವಿಭಾಗದಲ್ಲಿ ಆ ಪ್ರಮಾಣ ನೂರಕ್ಕೆ 3ಕ್ಕಿಂತ ಕಡಿಮೆ. ಕಾರಣ ಹುಡುಕಿದವರು ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯರು. ಶವ ಪರೀಕ್ಷೆ ಮಾಡಿದ ಕೈಯಲ್ಲೇ ವೈದ್ಯರು ಬಂದು ಹೆರುವವರನ್ನು ಮುಟ್ಟುತ್ತಿದ್ದರು. ಸೂಲಗಿತ್ತಿಯರು ಶವ ಮುಟ್ಟುತ್ತಿರಲಿಲ್ಲ. 1847ರ ಮೇ ತಿಂಗಳಲ್ಲಿ ಅವರು ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದರು. ಒಂದೆರಡು ತಿಂಗಳಲ್ಲೇ ವೈದ್ಯರ ವಿಭಾಗದ ಸಾವು ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು. ತಾಯಂದಿರನ್ನು ಕೊಂದದ್ದು ತೊಳೆಯದ ಕೈ. ಸೂತಕ ಎಂದು ಕರೆಯಲೇಬೇಕಾದರೆ ಅದನ್ನು ಕರೆಯೋಣ.

ಅಂದು ನಮ್ಮ ಮನೆಗೆ ಬಂದ ನರ್ಸಮ್ಮನಿಗೆ ಏನೇನು ಗೊತ್ತಿತ್ತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ನನ್ನ ತಮ್ಮನ ಮಗಳು ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ತಾಲ್ಲೂಕು ಆಸ್ಪತ್ರೆಯೊಂದರ ಹೆರಿಗೆ ವಿಭಾಗ ಸೇರಿದಳು. ಒಮ್ಮೆ ಒಂದು ಹಾಳೆ ತಂದು ನನ್ನ ಮುಂದೆ ಹರಡಿದಳು. "ನೋಡ್ರಿ ದೊಡ್ಡಪ್ಪ, ಇದು ನಿಮಗ ತಿಳೀತದ" ಎಂದಳು. ಅದು ಪಾರ್ಟೋಗ್ರಾಫ್. ಅಡ್ಡಕ್ಕೆ ಗಂಟೆ, ಉದ್ದಕ್ಕೆ ಗರ್ಭಕೋಶದ ಬಾಯಿ ತೆರೆದ ಸೆಂಟಿಮೀಟರ್. ಗಂಟೆಗೆ ಒಂದು ಸೆಂಟಿಮೀಟರಿನ ಲೆಕ್ಕದಲ್ಲಿ ಒಂದು ಎಚ್ಚರಿಕೆಯ ಗೆರೆ, ಅದರಿಂದ ನಾಲ್ಕು ಗಂಟೆ ಬಲಕ್ಕೆ ಕ್ರಮ ಕೈಗೊಳ್ಳುವ ಗೆರೆ. ಕೂಸಿನ ಎದೆಬಡಿತ ಅರ್ಧ ಗಂಟೆಗೊಮ್ಮೆ ಎಣಿಸಿ ಬರೆಯಬೇಕು, ಅದು ನಿಮಿಷಕ್ಕೆ 110ರಿಂದ 160ರೊಳಗೆ ಇರಬೇಕು. ಬರೆದ ಗುರುತು ಎಚ್ಚರಿಕೆಯ ಗೆರೆ ದಾಟಿತೆಂದರೆ ದೊಡ್ಡಾಸ್ಪತ್ರೆಗೆ ಕಳಿಸುವ ಯೋಚನೆ ಆಗಲೇ ಶುರುವಾಗಬೇಕು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಹಾಳೆಯನ್ನು ಪರಿಷ್ಕರಿಸಿ ಹೊಸ ರೂಪವನ್ನೂ ಕೊಟ್ಟಿದೆ. ಜಲಾಶಯದ ನೀರಿನ ಮಟ್ಟವನ್ನು ಗಂಟೆಗಂಟೆಗೆ ಬರೆದು, ಗೇಟು ಯಾವಾಗ ಎತ್ತಬೇಕೆಂದು ನಿರ್ಧರಿಸಿದವನು ನಾನು. ಆ ಹುಡುಗಿಯ ಕೈಯಲ್ಲಿದ್ದದ್ದೂ ಅದೇ ಬಗೆಯ ವಿದ್ಯೆ. ನನ್ನ ಲೆಕ್ಕ ತಪ್ಪಿದರೆ ಬೆಳೆ ಹಾಳು, ಅವಳ ಲೆಕ್ಕ ತಪ್ಪಿದರೆ ಜೀವ.

ತುಂಬು ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ ಎಂದು ಅವಳು ಹೇಳಿದಾಗ ಆ ಮಳೆಯ ರಾತ್ರಿ ಮತ್ತೆ ಕಣ್ಣೆದುರು ಬಂತು. ಕಸ ಬಿದ್ದ ಮೇಲೆ ಗರ್ಭಕೋಶ ಮುಷ್ಟಿಯಂತೆ ಬಿಗಿಯದಿದ್ದರೆ ತಾಯಿಗೆ ಉಳಿಯುವ ಸಮಯ ಬಹಳ ಕಡಿಮೆ. ಅದಕ್ಕೇ ಈಗ ಮಗು ಹುಟ್ಟಿದ ಒಂದು ನಿಮಿಷದೊಳಗೆ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡುವುದನ್ನು ಕಲಿಸುತ್ತಾರೆ. ಅಳದ ಕೂಸಿಗೆ ಉಸಿರು ತುಂಬಲು ಇರುವುದೂ ಆ ಮೊದಲ ನಿಮಿಷವೇ. 1988ರ ನರ್ಸಮ್ಮ ಕಲಿತದ್ದು ಹದಿನೆಂಟು ತಿಂಗಳ ಎ.ಎನ್.ಎಂ. ತರಬೇತಿಯಲ್ಲಿ. ಉಳಿದದ್ದನ್ನು ಕಂದೀಲಿನ ಬೆಳಕಿನಲ್ಲಿ ಕಲಿತಿದ್ದರು.

ಇಂದು ಈ ವೃತ್ತಿಗೆ ಮೆಟ್ಟಿಲುಗಳಿವೆ. ಪಿ.ಯು.ಸಿ. ಆದ ಮೇಲೆ ಎರಡು ವರ್ಷದ ಎ.ಎನ್.ಎಂ. ಮಾಡಿದವರು ಉಪಕೇಂದ್ರದಲ್ಲಿ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಯಾಗುತ್ತಾರೆ. ಮೂರು ವರ್ಷದ ಜಿ.ಎನ್.ಎಂ. ಅಥವಾ ನಾಲ್ಕು ವರ್ಷದ ಬಿ.ಎಸ್ಸಿ. ಮಾಡಿದವರು ಶುಶ್ರೂಷಾಧಿಕಾರಿಯಾಗುತ್ತಾರೆ. 2018ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಅನುಭವವುಳ್ಳ ನರ್ಸ್‌ಗಳು ಮತ್ತೆ 18 ತಿಂಗಳು ಕಲಿತು 'ನರ್ಸ್ ಪ್ರಾಕ್ಟೀಷನರ್ ಇನ್ ಮಿಡ್‌ವೈಫರಿ' ಆಗಬಹುದು. ತೊಡಕಿಲ್ಲದ ಹೆರಿಗೆಯನ್ನು ತಮ್ಮದೇ ಜವಾಬ್ದಾರಿಯಲ್ಲಿ ಮಾಡಿಸಿ, ತೊಡಕು ಕಂಡಾಗ ವೈದ್ಯರಿಗೆ ಒಪ್ಪಿಸುವುದು ಅವರ ಕೆಲಸ. 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗದಲ್ಲಿ 2023ರಲ್ಲಿ ಬಂದ ಹೊಸ ಆಯೋಗದ ಕಾಯ್ದೆಯ ಹೆಸರಿನಲ್ಲೇ ಮಿಡ್‌ವೈಫರಿ ಎಂಬ ಮಾತು ಸೇರಿದೆ.

ಇಂಥವರು ನಮಗೇಕೆ ಬೇಕು? 2018-20ರ ಲೆಕ್ಕದಲ್ಲಿ ನಮ್ಮ ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ಸಾಯುತ್ತಿದ್ದರು. ಪಕ್ಕದ ಕೇರಳದಲ್ಲಿ 19. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮಲ್ಲಿ ಸಿಸೇರಿಯನ್ ಹೆರಿಗೆ ನೂರಕ್ಕೆ 31ರಷ್ಟು, ದೇಶದ ಸರಾಸರಿ 21ರಷ್ಟು. ಬೇಕಾದವರಿಗೆ ವೇಳೆಗೆ ಆಪರೇಷನ್ ಆಗಬೇಕು, ಬೇಡದವರಿಗೆ ಆಗಬಾರದು. ಈ ಎರಡನ್ನೂ ಬೇರ್ಪಡಿಸಿ ನೋಡುವ ಕಣ್ಣು ಹೆರುವವಳ ಪಕ್ಕದಲ್ಲಿ ಗಂಟೆಗಟ್ಟಲೆ ಕೂರುವವಳಿಗೆ ಬರುತ್ತದೆ.

ಆದರೆ ಮೆಟ್ಟಿಲು ಹತ್ತಿದವಳನ್ನು ನಾವು ಏನು ಮಾಡುತ್ತೇವೆ? ನನ್ನ ತಮ್ಮನ ಮಗಳಿಗೆ ಹೆರಿಗೆ ವಿಭಾಗದಲ್ಲಿ ಕೈ ಕುದುರುವಷ್ಟರಲ್ಲಿ ಬೇರೆ ವಾರ್ಡಿಗೆ ಹಾಕಿದರು. ಬಡ್ತಿ ಬಂದರೆ ರಿಜಿಸ್ಟರು, ವರದಿ, ಮೇಲ್ವಿಚಾರಣೆ. ಇಪ್ಪತ್ತು ವರ್ಷ ಅಣೆಕಟ್ಟಿನ ಗೇಟು ನೋಡಿಕೊಂಡವನನ್ನು ಕಟ್ಟಡ ಬಾಡಿಗೆಯ ಕಡತಕ್ಕೆ ಕೂರಿಸಿದಂತೆ. ಸಮಾಜದ ನೋಟವೂ ಇದಕ್ಕಿಂತ ಮೇಲಿಲ್ಲ. ಅವಳು ನರ್ಸಿಂಗ್ ಸೇರುವಾಗ ನಮ್ಮ ಬಳಗದ ಹಿರಿಯರೊಬ್ಬರು, "ನಮ್ಮ ಮನಿ ಹುಡುಗಿ ಸೂಲಗಿತ್ತಿ ಆಗಬೇಕೇನು?" ಎಂದು ಕೇಳಿದರು. ಕಾಯಕದಲ್ಲಿ ಮೇಲು ಕೀಳಿಲ್ಲ ಎಂದು ಪ್ರವಚನದಲ್ಲಿ ತಲೆದೂಗುವವರೇ ಅವರು.

ಪಾವಗಡದ ಸೂಲಗಿತ್ತಿ ನರಸಮ್ಮನವರನ್ನು ನೆನೆಯೋಣ. ಶಾಲೆಯ ತರಬೇತಿ ಇಲ್ಲದೆ, ಪ್ರತಿಫಲ ಬಯಸದೆ, 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ತಾಯಿ ಎಂದು ನಾಡು ಅವರನ್ನು ಕೊಂಡಾಡಿತು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ಅವರು ನಮ್ಮನ್ನು ಅಗಲಿದರು. ಅದು ದಾಸೋಹದ ಬದುಕು. ಆದರೆ ಅವರ ತ್ಯಾಗವನ್ನು ತೋರಿಸಿ ಇಂದಿನ ನರ್ಸಿಗೆ ಕಡಿಮೆ ಸಂಬಳ ಕೊಡುವುದು ಶರಣ ಧರ್ಮವಲ್ಲ. ದುಡಿದವರಿಗೆ ದುಡಿಮೆಯ ಫಲ ಸಲ್ಲಬೇಕು. ಅದರಿಂದಲೇ ದಾಸೋಹ.

ನಮ್ಮ ಮಠಗಳು ಶಿಕ್ಷಣಕ್ಕೆ ಮಾಡಿದ ಸೇವೆ ನಾಡಿಗೆ ಗೊತ್ತು. ಆ ಭರವಸೆಯಿಂದಲೇ ಪೂಜ್ಯರಲ್ಲಿ ಮತ್ತು ಸಮಾಜದ ಹಿರಿಯರಲ್ಲಿ ನನ್ನ ಬಿನ್ನಹ ಇಷ್ಟು.

ಒಂದು, ಮಠಗಳ ಆಶ್ರಯದ ನರ್ಸಿಂಗ್ ಕಾಲೇಜುಗಳಲ್ಲಿ ಹೆರಿಗೆಯ ಕಲಿಕೆ ಕೈಯಿಂದಲೇ ಆಗಲಿ. ಯೂರೋಪಿನ ನಿಯಮದಲ್ಲಿ ಸೂಲಗಿತ್ತಿ ವಿದ್ಯಾರ್ಥಿನಿ ಕನಿಷ್ಠ 40 ಹೆರಿಗೆಗಳನ್ನು ಸ್ವತಃ ಮಾಡಿಸಬೇಕು ಎಂದಿದೆ. ವಿದ್ಯಾರ್ಥಿನಿಯ ಪುಸ್ತಕದಲ್ಲಿ ನೋಡಿದ್ದನ್ನು ಮಾಡಿದ್ದೆಂದು ಬರೆಯಲು ಯಾರೂ ಬಿಡಬಾರದು. ಅಳತೆ ಪುಸ್ತಕದಲ್ಲಿ ಸುಳ್ಳು ಬರೆದ ಗೋಡೆ ಒಂದು ದಿನ ಬಿರುಕು ಬಿಟ್ಟೇ ಬಿಡುತ್ತದೆ.

ಎರಡು, ಜಾತಿ ನೋಡದೆ ಬಡ ಹೆಣ್ಣುಮಕ್ಕಳಿಗೆ ಈ ಕಲಿಕೆಗೆ ಮಠಗಳು ವಿದ್ಯಾರ್ಥಿವೇತನ, ವಸತಿ ಕೊಡಲಿ. ಮೂರು, ಹೆರಿಗೆಯಲ್ಲಿ ಪಳಗಿದವರನ್ನು ಹೆರಿಗೆ ವಿಭಾಗದಲ್ಲೇ ಉಳಿಸಿ, ಅಲ್ಲೇ ಬಡ್ತಿ ಕೊಡುವಂತೆ ಸರ್ಕಾರವನ್ನು ಒತ್ತಾಯಿಸೋಣ. ನಾಲ್ಕನೆಯದಕ್ಕೆ ಹಣವೂ ಬೇಡ, ಆದೇಶವೂ ಬೇಡ. ಕೂಸಿಗೆ ಹೆಸರಿಡುವ ದಿನ ಹೆರಿಗೆ ಮಾಡಿಸಿದ ತಾಯಿಯನ್ನು ಮನೆಗೆ ಕರೆದು, ಎಲ್ಲರೊಂದಿಗೆ ಪಂಕ್ತಿಯಲ್ಲಿ ಕೂರಿಸಿ ಪ್ರಸಾದ ನೀಡೋಣ.

ಕಳೆದ ವರ್ಷ ನನ್ನ ಮೊಮ್ಮಗಳ ನಾಮಕರಣದಲ್ಲಿ ಹಾಗೆಯೇ ಮಾಡಿದೆವು. ಸರ್ಕಾರಿ ಆಸ್ಪತ್ರೆಯ ಆ ನರ್ಸಮ್ಮ ಸಂಕೋಚದಿಂದಲೇ ಬಂದು ಮೊದಲ ಸಾಲಿನಲ್ಲಿ ಕುಳಿತರು. ಹೋಳಿಗೆ ಬಡಿಸುತ್ತಿದ್ದ ನನ್ನ ಮಡದಿ ಮೆಲ್ಲಗೆ, "ಕ್ಯಾಂಪಿಗೆ ಬಂದಿದ್ರಲ್ಲ, ಅವರೂ ಇಲ್ಲಿ ಕೂಡ್ರಬೇಕಿತ್ತು" ಎಂದರು. ನಾನು ಆ ನರ್ಸಮ್ಮನ ಹೆಸರನ್ನೂ ಅಂದು ಕೇಳಿರಲಿಲ್ಲ.