ಮಳೆ ಬಂದರೂ ಅರ್ಕಾವತಿ ಹರಿಯದೇಕೆ? ಉತ್ತರ ಬೋರ್‌ವೆಲ್‌ನಲ್ಲಿದೆ

ದೊಡ್ಡಬಳ್ಳಾಪುರ: ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯನ್ನು ನಂಬಿಯೇ 1894ರಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಕಟ್ಟಿ ಬೆಂಗಳೂರಿಗೆ ನೀರು ಕೊಟ್ಟರು. ಈಗ ಜೋರು ಮಳೆಯಾದಾಗಷ್ಟೇ ಹೊಳೆ ತುಂಬುತ್ತೆ. ಉಳಿದ ದಿನ ಚರಂಡಿ ನೀರು ಬಿಟ್ಟರೆ ಏನಿಲ್ಲ. ‘ಮಳೆನೇ ಕಮ್ಮಿಯಾಯ್ತು’ ಅನ್ನೋದು ಎಲ್ಲರ ಮಾತು. ಆದರೆ ಮಳೆ ಲೆಕ್ಕ ತೆಗೆದು ನೋಡಿದ ಸಂಶೋಧಕರು ಬೊಟ್ಟು ಮಾಡಿದ್ದು ಮುಖ್ಯವಾಗಿ ಕೊಳವೆಬಾವಿ ಮತ್ತು ನೀಲಗಿರಿ ತೋಪುಗಳತ್ತ.

ಹಿಂದೆ ಅಂತರ್ಜಲ ಮಟ್ಟ ಹೊಳೆಯ ತಳಕ್ಕಿಂತ ಮೇಲಿತ್ತು. ಇಂಗಿದ ನೀರು ಒರತೆಯಾಗಿ ಜಿನುಗಿ, ಮಳೆ ನಿಂತ ಮೇಲೂ ಹೊಳೆ ಹರಿಯುತ್ತಿತ್ತು. ಈಗ ತೆರೆದ ಬಾವಿಗಳು ಬತ್ತಿ, ಬೋರ್ ಸಾವಿರ ಅಡಿ ಮುಟ್ಟಿದೆ. ಮಟ್ಟ ಕೆಳಗೆ ಹೋದಂತೆ ನೀರಿನ ದಾರಿಯೇ ತಿರುಗಿತು: ನೆಲ ಹೊಳೆಗೆ ಕೊಡೋದು ನಿಂತು, ಹೊಳೆಯ ನೀರನ್ನೇ ನೆಲ ಕುಡಿಯುತ್ತಿದೆ. ಇದು ಕಲ್ಲು ನೆಲ. ನೀರು ನಿಲ್ಲೋದು ಮೇಲಿನ ಸಡಿಲ ಪದರ, ಬಂಡೆಯ ಬಿರುಕುಗಳಲ್ಲಿ ಮಾತ್ರ. ಆಳಕ್ಕೆ ಹೋದಷ್ಟೂ ಬಿರುಕು ಕಮ್ಮಿ.

ಚೆಕ್‌ಡ್ಯಾಂ ಕಟ್ಟಿದರೆ ಸುತ್ತಲಿನ ಬೋರ್‌ಗಳಿಗೆ ಜೀವ ಬರುತ್ತೆ, ನಿಜ. ಆದರೆ ಅದು ಹೊಸ ನೀರಲ್ಲ, ಕೆಳಗಿನ ಊರಿನ ಕೆರೆಗೆ ಹೋಗಬೇಕಿದ್ದದ್ದು. ಇಂಗಿದ್ದನ್ನೆಲ್ಲ ಮತ್ತೊಂದು ಬೋರ್ ಎತ್ತಿದರೆ ಹೊಳೆಗೆ ಉಳಿಯೋದೇನು?

ಕಾಗದದಲ್ಲಿ ಹೊಳೆ ಸರ್ಕಾರದ್ದು, ಬೋರ್ ಜಮೀನಿನವರದ್ದು. ನೆಲದೊಳಗೆ ಎರಡೂ ಒಂದೇ ನೀರು. ಅಂಗಡಿ ಮುಂದೆ ದುಡ್ಡು ಕೊಟ್ಟು ಇಳಿಸಿಕೊಳ್ಳುವ ಟ್ಯಾಂಕರ್‌ನಲ್ಲಿರೋದೂ ಅದೇ. ಎಷ್ಟು ಇಂಗಿಸಬೇಕು ಅನ್ನುವುದರ ಜೊತೆಗೆ ಎಷ್ಟು ಎತ್ತಬಹುದು ಅನ್ನೋ ಲೆಕ್ಕ ಗ್ರಾಮಸಭೆಗೆ ಬರುವವರೆಗೆ, ಹೂಳೆತ್ತಿದರೂ ಅರ್ಕಾವತಿ ಹರಿಯಲಾರದು.