ಸಿಟಿ ಅಂಗಳಕ್ಕೆ ಬೆದ್ದಲಿನ ಲೆಕ್ಕ

ಬೆಂಗಳೂರಿನಲ್ಲಿರುವ ನನ್ನ ಮಗನ ಮನೆ ಮೂವತ್ತು-ನಲವತ್ತರ ಸೈಟು. ಮನೆ ಕಟ್ಟಿ ಮುಂದುಗಡೆ ಉಳಿದದ್ದು ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಅಂಗಳ. ಅಷ್ಟಕ್ಕೂ ಹುಲ್ಲು ಹಾಸಿದ್ದರು. ದನ ಮೇಯುವ ಹುಲ್ಲಲ್ಲ, ನೋಡುವ ಹುಲ್ಲು.

2024ರ ಮಾರ್ಚಿನಲ್ಲಿ ನಾನು ಹೋದಾಗ ಮನೆಗೆ ಟ್ಯಾಂಕರಿನಲ್ಲಿ ನೀರು ಬರುತ್ತಿತ್ತು. ಕುಡಿಯುವ ನೀರನ್ನು ಗಿಡಕ್ಕೆ, ಕಾರು ತೊಳೆಯೋದಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಆ ತಿಂಗಳೇ ಜಲಮಂಡಳಿ ಆದೇಶ ಮಾಡಿತ್ತು. ಹಾಗಾಗಿ ಸೊಸೆ ಕತ್ತಲಾದ ಮೇಲೆ ಪೈಪು ಹಿಡಿಯುತ್ತಿದ್ದಳು! ಒಂದು ದಿನ ಪೈಪು ಬಿಡಿಸಿ ಬಕೆಟ್ಟಿನಲ್ಲಿ ಹಾಕಿಸಿದೆ. ಏಳು ಬಕೆಟ್ಟು, ನೂರು ಲೀಟರು ದಾಟಿತು. ನಮ್ಮೂರಲ್ಲಿ ಒಂದು ಜೋಡಿ ಎತ್ತು ಬೇಸಿಗೆ ದಿನ ಕುಡಿಯುವಷ್ಟು.

ಟ್ಯಾಂಕರಿನವನನ್ನು ಎಲ್ಲಿಂದ ತರ್ತೀಯಪ್ಪಾ ಅಂತ ಕೇಳಿದೆ. ಊರಾಚೆ ಒಬ್ಬ ರೈತರ ಬೋರಂತೆ. ರಾಗಿ ಹಾಕೋದು ಬಿಟ್ಟು ನೀರು ಮಾರ್ತಾರೆ ಅಂದ. ಆ ರೈತನನ್ನು ನಾನು ಬಯ್ಯಲಾರೆ. ರಾಗಿಗೆ ಸಿಗದ ಕಾಸು ನೀರಿಗೆ ಸಿಕ್ಕರೆ ಯಾರು ಬಿಡ್ತಾರೆ? ಆದರೆ ರಾಗಿಗಿಲ್ಲದ ಆ ನೀರು ನೋಡುವ ಹುಲ್ಲಿಗೆ ಹೋಗ್ತಿದೆಯಲ್ಲ, ಅದು ನನಗೆ ಅರಗಲಿಲ್ಲ. ಅವತ್ತು ಮನೆಯಲ್ಲಿ ಮಾತಿಗೆ ಮಾತು ಬೆಳೆದು ನಾನು ಊಟ ಬಿಟ್ಟು ಮಲಗಿದ್ದೂ ಆಯಿತು.

ಗಿಡಮರ ಬೇಡ ಅಂತ ನನ್ನ ವಾದವಲ್ಲ. ಅಂಗಳಕ್ಕೆಲ್ಲ ಸಿಮೆಂಟು ಬಳಿಯೋದು ಇನ್ನೂ ಕೆಟ್ಟದ್ದು. ಈಗ ಪ್ಲಾಸ್ಟಿಕ್ ಹುಲ್ಲು ಬಂದಿದೆ, ಅದಕ್ಕೆ ನೀರೇನೋ ಬೇಡ, ಎರೆಹುಳಕ್ಕೂ ಅದು ಬೇಡ. ನಾನು ಹೇಳೋದು ಇಷ್ಟೆ: ಸಿಟಿ ಅಂಗಳವನ್ನೂ ಬೆದ್ದಲು ಹೊಲದ ಲೆಕ್ಕದಲ್ಲೇ ಮಾಡಬೇಕು.

ನಮ್ಮ ಚಳ್ಳಕೆರೆ ಕಡೆ ವರ್ಷದ ಮಳೆ 500 ಮಿಲಿಮೀಟರು ಮುಟ್ಟಿದರೆ ಹಬ್ಬ. ಬೆಂಗಳೂರಿನ ಸರಾಸರಿ 900ಕ್ಕೂ ಹೆಚ್ಚು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು. ಮಗನ ತಾರಸಿ 70 ಚದರ ಮೀಟರಿದೆ. ಅಂದರೆ ವರ್ಷಕ್ಕೆ 60 ಸಾವಿರ ಲೀಟರಿಗೂ ಮೀರಿ ಮಳೆನೀರು ಪೈಪಿನಲ್ಲಿಳಿದು ಮೋರಿ ಸೇರುತ್ತಿತ್ತು. ಇತ್ತ ಕಾವೇರಿ ನೀರು ನೂರು ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಿಂದ ಗುಡ್ಡ ಹತ್ತಿದ ಹಾಗೆ ಪಂಪಾಗಿ ಬರಬೇಕು.

ಮೇ ಕೊನೆಗೆ ಮಗನೇ ಫೋನು ಮಾಡಿ ಬಾಪ್ಪಾ ಅಂದ. ಗುದ್ದಲಿ ತಗೊಂಡೇ ಹೋದೆ. ಹುಲ್ಲು ಕಿತ್ತರೆ ಕೆಳಗೆ ಬರೀ ಜಲ್ಲಿ, ಇಟ್ಟಿಗೆ ಚೂರು. ಮನೆಯ ಪಾಯದಿಂದ ದೂರಕ್ಕೆ, ಕಾಂಪೌಂಡಿನ ಮೂಲೆಯಲ್ಲಿ ತಗ್ಗು ಮಾಡಿ ತಾರಸಿ ಪೈಪನ್ನು ಅದಕ್ಕೆ ತಿರುಗಿಸಿದೆ. ಮೊದಲ ಮಳೆಗೆ ನೀರು ಮೂರು ದಿನ ನಿಂತೇ ಇತ್ತು. ಸೊಳ್ಳೆ ಸಾಕ್ತೀರಾ ಅಂತ ಬೈಸಿಕೊಂಡೆ. ತಪ್ಪು ನನ್ನದೇ, ಅಡಿಯ ಗಟ್ಟಿ ಪದರ ಒಡೆದಿರಲಿಲ್ಲ. ಇನ್ನೆರಡಡಿ ಅಗೆದು, ಅದೇ ಇಟ್ಟಿಗೆ ಚೂರು ತುಂಬಿದ ಮೇಲೆ ಒಂದೇ ದಿನದಲ್ಲಿ ಇಂಗತೊಡಗಿತು. ಮಿಕ್ಕ ಮಣ್ಣಿಗೆ ಗೊಬ್ಬರ ಬೆರೆಸಿ, ಜನ ಗುಡಿಸಿ ಸುಡುವ ಹೊಂಗೆ ತರಗು ತಂದು ನಾಲ್ಕು ಬೆರಳು ದಪ್ಪ ಹೊದಿಸಿದೆ. ಬೆಂಕಿಯ ಖರ್ಚೂ ಉಳೀತು. ಸುಣ್ಣ ಬಣ್ಣ ಬಳಿಯದ ಎರಡು ಮಣ್ಣಿನ ಮಡಕೆ ಕುತ್ತಿಗೆವರೆಗೆ ಹೂತು, ಬಾಯಿಗೆ ತಟ್ಟೆ ಮುಚ್ಚಿದೆ. ಮಡಕೆಯ ನೀರು ಬೇರಿನ ಹತ್ತಿರವೇ ಜಿನುಗುತ್ತದೆ.

ಗಿಡ ಅಂದರೆ ಕರಿಬೇವು, ಒಂದು ನಿಂಬೆ, ದಾಸವಾಳ, ಕಾಂಪೌಂಡಿಗೆ ಮಂಗರವಳ್ಳಿ. ನಮ್ಮ ಹೊಲದ ಬದುವಿನಿಂದ ತಂಗಡಿ ಬೀಜ, ತುಂಬೆ ಬೀಜ. ತುಂಬೆಯನ್ನು ನಾವು ಕಳೆ ಅಂತ ಕೀಳ್ತೀವಿ. ಅಲ್ಲಿ ಅದರ ಬಿಳಿ ಹೂವಿಗೆ ಬೆಳಗಾದರೆ ಜೇನು, ಚಿಟ್ಟೆ. ದಾಸವಾಳಕ್ಕೆ ಸೂರಕ್ಕಿ ಬಂತು.

ಆದರೆ ಚಿಟ್ಟೆ ಬೇಕು, ಹುಳ ಬೇಡ ಅಂದರೆ ಹೇಗೆ? ಇದನ್ನು ನನಗೆ ಕಲಿಸಿದ್ದು ಮೊಮ್ಮಗಳು. ಕರಿಬೇವಿನ ಮೇಲೆ ಹಕ್ಕಿ ಹಿಕ್ಕೆಯಂಥ ಹುಳ ಕಂಡಾಗ ಹಿಸುಕಿ ಎಸೆಯುತ್ತಿದ್ದೆ. ಶೇಂಗಾ ಹೊಲದ ಕಂಬಳಿ ಹುಳಕ್ಕೆ ಪುಡಿ ಎರಚಿದ ಕೈ ಇದು. ಅವಳು ಎರಡು ಹುಳ ಮುಚ್ಚಿಟ್ಟು ಸಾಕಿದಳು. ಹಸಿರಾಗಿ ಬೆಳೆದು, ಗೂಡು ಕಟ್ಟಿ, ಕರಿ ರೆಕ್ಕೆಯ ಚಿಟ್ಟೆಯಾಗಿ ಹಾರಿಹೋದವು. ತಿಂದ ಎಲೆ ತಿಂಗಳೊಳಗೆ ಮತ್ತೆ ಚಿಗುರಿತು. ಹಕ್ಕಿಗಿಟ್ಟ ಅಗಲ ಬೋಗುಣಿಯ ನೀರನ್ನು ಎರಡು ದಿನಕ್ಕೊಮ್ಮೆ ಚೆಲ್ಲಿ ತೊಳೆದು ತುಂಬುವ ಕೆಲಸವೂ ಅವಳದೇ.

ಈಗ ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ ಮಡಕೆ ತುಂಬಿಸ್ತಾರೆ, ಅಕ್ಕಿ ತರಕಾರಿ ತೊಳೆದ ನೀರು ಸಾಕು. ಸೊಸೆಗೆ ಪೂರ್ತಿ ಒಪ್ಪಿಗೆಯಿಲ್ಲ. ಏಪ್ರಿಲ್‌ನಲ್ಲಿ ಒಣಕಲು ಕಾಣ್ತದೆ ಅಂತಾಳೆ. ಬೇಸಿಗೆ ಬಂದರೆ ನೆಲ ಬೇಸಿಗೆಯ ಹಾಗೇ ಕಾಣಬೇಕಲ್ಲವೆ, ಅನ್ನೋದು ನನ್ನ ವಾದ. ಪಕ್ಕದ ಮನೆಯವರಿಗೆ ತರಗಿನಲ್ಲಿ ಹಾವು ಸೇರುತ್ತದೆಂಬ ಭಯ. ಇವತ್ತಿನವರೆಗೆ ಬಂದದ್ದು ಒಂದು ಓತಿಕ್ಯಾತ, ಎರಡು ಕಪ್ಪೆ.

ಮೊನ್ನೆ ಎದುರು ಮನೆಯವರು ತುಂಬೆ ಬೀಜ ಕೇಳಿದರಂತೆ. ಪೊಟ್ಟಣ ಕಟ್ಟಿ ಬಸ್ಸಿಗೆ ಕೊಟ್ಟು ಕಳಿಸಿದ್ದೇನೆ.